ಬೇಸ್‌ಬಾಲಿನ ಬೇರು

ಶಬ್ದಕೋಶ ಕಚೇರಿಯಲ್ಲಿ ಅವರ ಹುದ್ದೆಗೆ ‘ವ್ಯುತ್ಪತ್ತಿ ವಿಭಾಗದ ಮುಖ್ಯಸ್ಥರು’ ಎಂಬ ಹೆಸರಿತ್ತು. ಅಷ್ಟುದ್ದ ಹೇಳಿ ಮುಗಿಸುವ ಹೊತ್ತಿಗೆ ಚಹಾ ಆರಿಹೋಗುತ್ತದೆಂದು ಎಲ್ಲರೂ ಬೇರುಪಂಡಿತರು ಎಂದು ಕರೆದುಬಿಡುತ್ತಿದ್ದರು. ಒಂದು ಪದದ ತಾಯಿ ಯಾರು, ತಂದೆ ಯಾರು, ದಾರಿಯಲ್ಲಿ ಯಾರ ಮನೆಯಲ್ಲಿ ತಂಗಿ ಯಾವ ಅಕ್ಷರ ಕಳೆದುಕೊಂಡು ಬಂತು ಎಂದು ಪತ್ತೆ ಮಾಡುವುದು ಅವರ ಕೆಲಸ. ‘ಅ’ ಅಕ್ಷರದ ಕಾಲದಲ್ಲಿ ಕೆಲಸಕ್ಕೆ ಸೇರಿದಾಗ ತಲೆತುಂಬ ಕೂದಲಿತ್ತು. ‘ತ’ ದಾಟುವಾಗ ನೆತ್ತಿ ಕಂಡಿತು. ಈಗ ಕಚೇರಿ ‘ಬ’ಕ್ಕೆ ಬಂದಿತ್ತು, ಕಿವಿಗಳ ಮೇಲೆ ಮಾತ್ರ ಒಂದಿಷ್ಟು ಉಳಿದಿತ್ತು.

ಕಚೇರಿ ಎಂದರೆ ಹಿಂದೆ ಉಗ್ರಾಣವಾಗಿದ್ದ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಪದಗಳ ಚೀಟಿ ತುಂಬಿದ ಮರದ ಪೆಟ್ಟಿಗೆಗಳು. ಫ್ಯಾನು ಹಾಕಿದರೆ ‘ಬ’ದ ಚೀಟಿ ಹಾರಿ ‘ಮ’ದ ಪೆಟ್ಟಿಗೆಗೆ ಬೀಳುತ್ತಿತ್ತು, ಹಾಕದಿದ್ದರೆ ಬೆವರಿಗೆ ಶಾಯಿ ಹರಡುತ್ತಿತ್ತು. ಈ ಎರಡು ಕಷ್ಟಗಳ ನಡುವೆ ಪಂಡಿತರು ಬಹುಕಾಲ ನೆಮ್ಮದಿಯಾಗಿಯೇ ಇದ್ದರು. ಮೂರನೆಯ ಕಷ್ಟವೆಂದರೆ ಹೊಸ ನಿರ್ದೇಶಕರು.

ನಿರ್ದೇಶಕರು ಮೀನುಗಾರಿಕೆ ಇಲಾಖೆಯಿಂದ ವರ್ಗವಾಗಿ ಬಂದವರು. ಮೀನಾಗಲಿ ಪದವಾಗಲಿ, ಹಿಡಿದು ಡಬ್ಬಿಗೆ ತುಂಬಿದರೆ ಲೆಕ್ಕ ಒಂದೇ ಎಂಬುದು ಅವರ ನಂಬಿಕೆ. ಅವರು ಬಂದ ಸ್ವಲ್ಪ ದಿನಕ್ಕೇ ಭಾಷಾ ಇಲಾಖೆಯಿಂದ ಸುತ್ತೋಲೆ ಬಂತು. ಶಬ್ದಕೋಶದಲ್ಲಿ ಪರನುಡಿಯಿಂದ ಬಂದದ್ದೆಂದು ತೋರಿಸುವ ಪದಗಳು ಅತಿಯಾಗಿವೆ, ನಮ್ಮ ನುಡಿಯೇನು ಭಿಕ್ಷೆ ಎತ್ತಿ ಬದುಕಿದೆಯೇ, ಆದಷ್ಟೂ ಸ್ವಂತ ಮೂಲ ಹುಡುಕತಕ್ಕದ್ದು ಎಂದಿತ್ತು ಅದರಲ್ಲಿ. ನಿರ್ದೇಶಕರು ‘ಆದಷ್ಟೂ’ ಎಂಬುದನ್ನು ಹೊಡೆದು ‘ಎಲ್ಲಕ್ಕೂ’ ಎಂದು ಬರೆದು ಪಂಡಿತರ ಮೇಜಿಗೆ ಕಳಿಸಿದರು.

ಪಂಡಿತರು ಮೊದಮೊದಲು ಹೆದರಿಕೊಂಡೇ ಮಾಡಿದರು. ಬೇಯಿಸಿ ಕರಿಯುವ ಜಾಗವಾದ್ದರಿಂದ ‘ಬೇಕರಿ’ ಎಂದು ಬರೆದ ದಿನ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ನೋಡಿದರೆ ನಿರ್ದೇಶಕರು ಬೆನ್ನು ತಟ್ಟಿದರು. ಆಮೇಲೆ ಕೈಗೆ ರುಚಿ ಹತ್ತಿತು. ಬೆನ್ನು ಚಾಚುವುದಕ್ಕೆ ಇರುವುದು ‘ಬೆಂಚು’. ಒಳಗಿರುವುದು ಬೇಗ ಬತ್ತಲಿ ಎಂದು ಕುಡಿಯುವವರು ಹಾರೈಸುತ್ತಿದ್ದರಿಂದ ‘ಬಾಟಲಿ’. ಬೇಕು ಬೇಕು ಎಂದು ಜನ ಹೋಗುವ ಕಡೆ ‘ಬ್ಯಾಂಕು’. ಪೂರ್ವಿಕರು ಎಂಬ ಪದವೊಂದನ್ನು ಸೇರಿಸಿಬಿಟ್ಟರೆ ಯಾವ ಸುಳ್ಳೂ ಬಿಳಿ ಗಡ್ಡ ಬಿಟ್ಟುಕೊಂಡು ಗಂಭೀರವಾಗಿ ಕೂರುತ್ತದೆ ಎಂಬುದು ಅವರಿಗೆ ತಿಳಿದುಹೋಯಿತು.

ಎದುರು ಮೇಜಿನ ಉಪಸಂಪಾದಕಿಗೆ ಮಾತ್ರ ಇದು ಸರಿಬರುತ್ತಿರಲಿಲ್ಲ. ಆಕೆ ಎತ್ತರದ ಹೆಂಗಸು, ನಾಲ್ಕು ಭಾಷೆ ಬಲ್ಲವಳು, ಪಿಸುಮಾತು ಆಡಿದರೂ ಬೀದಿಗೆ ಕೇಳುವಂಥ ಗಂಟಲು. ಒಂದು ಮಧ್ಯಾಹ್ನ ಆಕೆ ಚೀಟಿಯೊಂದನ್ನು ಪಂಡಿತರ ಮುಂದಿಟ್ಟಳು.

“ಸಾರ್, ಬೇಸ್‌ಬಾಲ್ ಬಂದಿದೆ. ನಿರ್ದೇಶಕರು ಇವತ್ತೇ ಬೇಕು ಅಂತಿದ್ದಾರೆ. ಯಾವುದೋ ದೇಶದ ಬೇಸ್‌ಬಾಲ್ ತಂಡ ಸ್ನೇಹಕ್ಕೆ ಅಂತ ಬರ್ತಿದೆಯಂತೆ. ಕ್ರೀಡಾಮಂತ್ರಿಗಳು ಭಾಷಣ ಮಾಡ್ಬೇಕಂತೆ.”

“ನೀವು ನೋಡಿದ್ದೀರಾ ಆ ಆಟಾನ?”

“ನೋಡಿಲ್ಲ, ಓದಿದ್ದೀನಿ. ಬೇಸ್ ಅಂದ್ರೆ ನೆಲೆ. ಮೈದಾನದಲ್ಲಿ ನಾಲ್ಕು ಕಡೆ ನೆಲೆ ಇಟ್ಟಿರ್ತಾರೆ. ಚೆಂಡು ಹೊಡೆದವನು, ಅದು ನೆಲೆಗೆ ವಾಪಸ್ ಬರೋದರೊಳಗೆ ಓಡಿ ನೆಲೆ ಮುಟ್ಟಬೇಕು, ಅದರ ಮೇಲೆ ನಿಂತಿರೋವರೆಗೂ ಅವನನ್ನ ಔಟ್ ಮಾಡೋ ಹಾಗಿಲ್ಲ. ಹಳೇ ಗ್ರೀಕ್ ಮೂಲ. ಹೆಜ್ಜೆ, ಹೆಜ್ಜೆ ಊರೋ ಜಾಗ ಅಂತ ಅರ್ಥ. ಬಾಲ್ ಅಂದ್ರೆ ಚೆಂಡು. ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಒಂದು ಮಕ್ಕಳ ಪುಸ್ತಕದಲ್ಲೇ ಈ ಪದ ಸಿಗುತ್ತೆ. ನಾಲ್ಕು ಸಾಲಿನ ಕೆಲಸ.”

“ಎಲ್ಲಾ ಸರಿ. ಇದರಲ್ಲಿ ನಮ್ಮದು ಏನಿದೆ?”

“ಏನೂ ಇಲ್ಲ. ಅವರ ಆಟ, ಅವರ ಪದ. ನಮಗ್ಯಾಕೆ ಬೇಕು ಸಾರ್ ಊರ ಉಸಾಬರಿ?”

ಪಂಡಿತರು ನಿಟ್ಟುಸಿರಿಟ್ಟರು. ಆಕೆ ಹೇಳಿದ್ದೆಲ್ಲ ಅವರಿಗೂ ಗೊತ್ತಿದ್ದದ್ದೇ. ಆದರೆ ಹಾಗೇ ಬರೆದು ಕಳಿಸಿದರೆ ಕೆಂಪು ಗೆರೆ ಎಳೆಸಿಕೊಂಡು ಸಂಜೆಗೇ ವಾಪಸು ಬರುತ್ತದೆ, ಜೊತೆಗೆ ನಿರ್ದೇಶಕರ ಕೋಣೆಯಲ್ಲಿ ಮುಕ್ಕಾಲು ಗಂಟೆ ನಿಂತುಕೊಂಡು ನಾಡಪ್ರೇಮದ ಬಗ್ಗೆ ಕೇಳಬೇಕು. ಅವರ ಮೊಣಕಾಲು ಅದಕ್ಕೆ ಒಪ್ಪುವಂತಿರಲಿಲ್ಲ. ಕಿಟಕಿಯಾಚೆ ನೋಡಿದರು, ಪೆನ್ನಿನ ಮುಚ್ಚಳ ಕಚ್ಚಿದರು, ಬರೆದರು:

‘ಬೇಸ್‌ಬಾಲ್: ಬೇಸರ ಮತ್ತು ಬಾಳು ಎಂಬೆರಡು ಪದಗಳು ಕೂಡಿ ಆದದ್ದು. ಬಾಳಿನ ಬೇಸರ ಕಳೆಯಲು ಪೂರ್ವಿಕರು ಆಡುತ್ತಿದ್ದ ಆಟ. ಪರದೇಶಗಳಲ್ಲಿ ಇದರ ವಿಕೃತ ರೂಪಗಳು ಕಂಡುಬರುತ್ತವೆ.’

ಉಪಸಂಪಾದಕಿ ಭುಜದ ಹಿಂದಿನಿಂದ ಓದಿದಳು.

“ಇದರಲ್ಲಿ ಚೆಂಡು ಎಲ್ಲಿ ಸಾರ್?”

“ಬಾಳು ಅನ್ನೋದು ದುಂಡಗೇ ಅಲ್ವೇನಮ್ಮ? ಉರುಳ್ತಾ ಇರುತ್ತಲ್ಲ.”

“ಉರುಳ್ತಿರೋದು ಬಾಳಲ್ಲ, ಈ ಕಚೇರಿ,” ಎಂದು ಆಕೆ ತನ್ನ ಜಾಗಕ್ಕೆ ಹೋದಳು.

ಸಾಮಾನ್ಯವಾಗಿ ಇಂಥ ಸಾಲುಗಳು ಪೆಟ್ಟಿಗೆ ಸೇರಿ ತಣ್ಣಗೆ ಮಲಗುತ್ತಿದ್ದವು. ಇದು ಮಲಗಲಿಲ್ಲ. ಕ್ರೀಡಾಮಂತ್ರಿಗಳಿಗೆ ಆಗ ಒಂದು ಸಂಕಟವಿತ್ತು. ಅತಿಥಿ ತಂಡಕ್ಕೆ ಬನ್ನಿ ಎಂದು ಹೇಳಿಯಾಗಿತ್ತು, ಎದುರು ಆಡಲು ತಂಡವಿರಲಿಲ್ಲ. ಸೋಲುವುದು ಖಚಿತ, ಎಷ್ಟರಿಂದ ಎಂಬುದಷ್ಟೇ ಪ್ರಶ್ನೆ. ಅಷ್ಟರಲ್ಲಿ ಪಂಡಿತರ ಮೂರು ಸಾಲು ಕೈಸೇರಿತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೆ ಹಿಡಿದುಕೊಳ್ಳುತ್ತಾನೆ, ಮಂತ್ರಿಗಳು ಅದರ ಮೇಲೆ ಮನೆಯನ್ನೇ ಕಟ್ಟಿದರು. ಬೇಸ್‌ಬಾಲಿನ ತವರುಮನೆ ನಮ್ಮದು, ಅತಿಥಿಗಳು ಆಡುತ್ತಿರುವುದು ವಿಕೃತ ರೂಪ, ನಾವು ಮೂಲ ರೂಪವನ್ನು ಆಡಿ ತೋರಿಸುತ್ತೇವೆ ಎಂದು ಘೋಷಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಾಲ. ಮರುದಿನದ ಪತ್ರಿಕೆಗಳಲ್ಲಿ ಕರುವಿಗೆ ಏನು ಹೆಸರಿಡಬೇಕೆಂಬ ಚರ್ಚೆ ಶುರುವಾಗಿತ್ತು.

ನಿರ್ದೇಶಕರು ಪಂಡಿತರನ್ನು ಕರೆಸಿದರು. “ಮೂಲ ಆಟದ ನಿಯಮ ಬರೆದುಕೊಡಿ.”

“ನಿಯಮ ನನಗೆಲ್ಲಿ ಗೊತ್ತು ಸಾರ್? ನಾನು ಪದದ ಮನುಷ್ಯ.”

“ಅರ್ಥ ಗೊತ್ತಿದ್ದ ಮೇಲೆ ನಿಯಮ ಯಾಕೆ ಗೊತ್ತಿರಲ್ಲ? ಪೂರ್ವಿಕರು ಬೇಸರ ಆದಾಗ ಏನು ಮಾಡ್ತಿದ್ರು ಅಂತ ಬರೆದರಾಯ್ತು. ಆಟಗಾರರ ಚಿಂತೆ ಬಿಡಿ. ಬೇರೆ ಬೇರೆ ಇಲಾಖೆಯಿಂದ ಒಂಬತ್ತು ಜನ ಗುಮಾಸ್ತರನ್ನ ಕಳಿಸ್ತಾರೆ. ಬಟ್ಟೆ ಮಾತ್ರ ಬೇಗ ಆಗ್ಬೇಕು. ನಿಮ್ಮ ಮನೆಯವರಿಗೇ ಹೇಳಿಬಿಡಿ.”

ಪಂಡಿತರ ಹೆಂಡತಿ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿ, ಅದರ ಚೌಕಟ್ಟಿಗೆ ಚುಚ್ಚಿಟ್ಟ ನೂರಾರು ಗುಂಡುಸೂಜಿ. ಪಂಡಿತರು ಸುದ್ದಿ ಹೇಳಿದಾಗ ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೋಟಿನ ತೋಳು ಕೂರಿಸುತ್ತಿದ್ದಳು. ಒಂದೊಂದಾಗಿ ಸೂಜಿ ತೆಗೆದಿಟ್ಟು ಕೇಳಿದಳು:

“ಈ ಆಟದಲ್ಲಿ ಏನು ಮಾಡ್ತಾರೆ?”

“ಆಡ್ತಾರೆ.”

“ಆಡ್ತಾರೆ ಅಂದ್ರೆ ನಾನು ಪ್ಯಾಂಟು ಕತ್ತರಿಸೋಕಾಗಲ್ಲ ರೀ. ಓಡ್ತಾರೋ, ಬಗ್ತಾರೋ, ಕೂರ್ತಾರೋ ಹೇಳಿ. ಓಡೋದಾದ್ರೆ ತೊಡೆ ಹತ್ರ ಸಡಿಲ ಬಿಡ್ಬೇಕು. ಬಗ್ಗೋದಾದ್ರೆ ಸೊಂಟದ ಹಿಂದೆ ಎತ್ತರಿಸಬೇಕು. ಎಸೆಯೋದಾದ್ರೆ ಕಂಕುಳಲ್ಲಿ ಬಟ್ಟೆ ಜಾಸ್ತಿ ಬೇಕು.”

ಪಂಡಿತರು ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸಿದರು. “ಕೂರ್ತಾರೆ.”

“ಚೆಂಡಾಟದಲ್ಲಾ?”

“ಬೇಸರ ಆದೋರು ಇನ್ನೇನು ನಿಂತಿರ್ತಾರಾ ಹೇಳು?”

“ಬರೀ ಕೂತಿರ್ತಾರಾ?”

“ಸ್ಟೂಲಿನ ಮೇಲೆ. ದುಂಡಗೆ. ಚೆಂಡು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತೆ. ಕೈಗೆ ಬಂದವನು ಒಂದು ನಿಟ್ಟುಸಿರು ಬಿಟ್ಟು ಪಕ್ಕದವನಿಗೆ ಕೊಡ್ಬೇಕು. ಆಕಳಿಸಿದೋನು ಔಟ್. ಕೊನೇವರೆಗೂ ಆಕಳಿಸದೆ ಉಳಿದೋನು ಗೆದ್ದ ಹಾಗೆ.”

ಮಾತಾಡುತ್ತ ಮಾತಾಡುತ್ತ ಆಟ ಅವರ ಕಣ್ಣೆದುರೇ ಹುಟ್ಟಿಬಿಟ್ಟಿತು. ತಮಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು. ಹೆಂಡತಿ ಅವರ ಕೈಯನ್ನೇ ನೋಡುತ್ತಿದ್ದಳು.

“ಸುಳ್ಳು ಹೇಳುವಾಗೆಲ್ಲ ನೀವು ಬೆರಳಿಗೆ ಏನಾದರೂ ಸುತ್ಕೋತೀರ. ಟೇಪ್ ಕೆಳಗಿಡಿ, ಹಿಗ್ಗಿಬಿಡುತ್ತೆ.” ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡು, ಅವುಗಳ ಸಂದಿಯಿಂದಲೇ ಸೇರಿಸಿದಳು: “ನನಗೇನು. ಕೂರೋರಿಗೆ ಹೊಲೀತೀನಿ. ಆಮೇಲೆ ಯಾರಾದ್ರೂ ಎದ್ದು ಓಡಿದ್ರೆ ನನ್ನ ಕೇಳ್ಬೇಡಿ.”

ಹಾಗೆ ಹೊಲಿದಳು. ಹಿಂಭಾಗಕ್ಕೆ ಎರಡು ಪದರ ಹತ್ತಿ, ಮೊಣಕಾಲಿನಲ್ಲಿ ಬಿಗಿ.

ಗುಮಾಸ್ತರ ಅಭ್ಯಾಸ ಕಚೇರಿಯ ಹಿಂದಿನ ಖಾಲಿ ಮೈದಾನದಲ್ಲಿ ನಡೆಯಿತು. ಹೊಸದಾಗಿ ಕಲಿಯಬೇಕಾದದ್ದು ಅವರಿಗೆ ಏನೂ ಇರಲಿಲ್ಲ. ಬಂದದ್ದನ್ನು ಹಿಡಿದು, ನಿಟ್ಟುಸಿರು ಬಿಟ್ಟು, ಪಕ್ಕದವನಿಗೆ ದಾಟಿಸುವುದನ್ನು ಅವರು ಸೇವೆಗೆ ಸೇರಿದ ದಿನದಿಂದ ಮಾಡುತ್ತ ಬಂದಿದ್ದರು. ತಂಡದ ನಾಯಕನಾಗಿ ಶಬ್ದಕೋಶ ಕಚೇರಿಯ ಟಪಾಲು ಗುಮಾಸ್ತನೇ ಆಯ್ಕೆಯಾದ. ಕಡ್ಡಿಯಂಥ ಮನುಷ್ಯ, ಮಾತು ಕಡಿಮೆ. ಪಂಡಿತರು ಬರೆದ ಪ್ರತಿ ವ್ಯುತ್ಪತ್ತಿಯನ್ನೂ ಟೈಪು ಮಾಡುವವನು ಅವನೇ, ಮತ್ತು ಬಹುಶಃ ಅವನ್ನು ಮನಸಾರೆ ನಂಬಿದವನೂ ಅವನೊಬ್ಬನೇ. ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ಒರಗುವಾಗಲೆಲ್ಲ “ಬೆನ್ನು ಚಾಚು” ಎಂದು ತನಗೆ ತಾನೇ ಹೇಳಿಕೊಂಡು ಸಂತೋಷಪಡುತ್ತಿದ್ದ. ಸ್ಟೂಲಿನ ಮೇಲೆ ಅವನು ಕೂತನೆಂದರೆ ಕಲ್ಲು. ಕಣ್ಣಲ್ಲಿ ನೀರು ಬಂದರೂ ಆಕಳಿಸುತ್ತಿರಲಿಲ್ಲ.

ಪಂದ್ಯಕ್ಕೆ ಎರಡು ದಿನ ಮೊದಲು ಉಪಸಂಪಾದಕಿ ಪಂಡಿತರ ಮೇಜಿನ ಬಳಿ ಬಂದು ನಿಂತಳು. ಅತಿಥಿಗಳಿಗೆ ದುಭಾಷಿಯಾಗಿ ಆಕೆಯನ್ನೇ ನೇಮಿಸಿದ್ದರು.

“ಸಾರ್, ತಮಾಷೆ ಸಾಕು. ಅವರ ಚೆಂಡು ಕಲ್ಲಿನ ಹಾಗಿರುತ್ತೆ. ಕೈಗೆ ದಪ್ಪ ಗವಸು ಹಾಕ್ಕೊಂಡೇ ಹಿಡಿಯೋದು. ನಮ್ಮೋರು ಬರಿಗೈ ಚಾಚ್ಕೊಂಡು ಕೂತಿರ್ತಾರೆ. ನಿರ್ದೇಶಕರಿಗೆ ಹೇಳಿ.”

“ಹೇಳ್ತೀನಿ.”

“ಇವತ್ತೇ ಹೇಳಿ.”

“ಹೇಳ್ತೀನಿ ಅಂದೆನಲ್ಲ.”

ನಿರ್ದೇಶಕರ ಕೋಣೆಯ ಬಾಗಿಲವರೆಗೂ ಪಂಡಿತರು ಹೋದರು. ಒಳಗೆ ಮಂತ್ರಿಗಳ ಕಡೆಯವರ ಜೊತೆ ಫೋನಿನಲ್ಲಿ ನಗು ಕೇಳಿಸುತ್ತಿತ್ತು. “ನಮ್ಮ ಪಂಡಿತರು ರತ್ನ ಸಾರ್, ರತ್ನ” ಎಂಬ ಮಾತು ಕಿವಿಗೆ ಬಿತ್ತು. ರತ್ನ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತು, ಹೊಳೆಯುತ್ತಲೇ ಹಿಂದಿರುಗಿ ಬಂದಿತು.

ಪಂದ್ಯದ ದಿನ ದೊಡ್ಡ ಮೈದಾನ ತುಂಬಿತ್ತು. ನಮ್ಮ ಒಂಬತ್ತು ಮಂದಿ ಹೊಸ ಬಟ್ಟೆಯಲ್ಲಿ, ಬಿಗಿ ಮೊಣಕಾಲಿನಿಂದಾಗಿ ಕೊಕ್ಕರೆಗಳಂತೆ ಹೆಜ್ಜೆಯಿಡುತ್ತ ಬಂದು ನಡುವೆ ದುಂಡಗೆ ಕೂತರು. ಚೆಂಡು ಕೈಯಿಂದ ಕೈಗೆ ಹೋಯಿತು, ಒಂಬತ್ತು ನಿಟ್ಟುಸಿರು ಮೈಕಿನಲ್ಲಿ ಕೇಳಿಸಿದವು. ಅತಿಥಿ ತಂಡದವರು ಇದು ಯಾರೋ ತೀರಿಹೋದವರ ನೆನಪಿಗೆ ಮಾಡುವ ಪ್ರಾರ್ಥನೆಯಿರಬೇಕೆಂದು ಟೋಪಿ ತೆಗೆದು ತಲೆ ಬಗ್ಗಿಸಿ ನಿಂತರು. ಅವರ ಆ ಗೌರವ ಕಂಡು ಜನ ಚಪ್ಪಾಳೆ ತಟ್ಟಿದರು. ಪ್ರಾರ್ಥನೆ ಮುಗಿಯುವ ಲಕ್ಷಣ ಕಾಣದಾಗ ಅತಿಥಿಗಳು ದುಭಾಷಿಯನ್ನು ಕೇಳಿದರು.

“ಆಟ ಶುರುವಾಗಿದೆ,” ಎಂದಳು ಆಕೆ, ನೆಲ ನೋಡುತ್ತ. “ನೀವೂ ಶುರು ಮಾಡಬೇಕಂತೆ. ಆದರೆ ದಯವಿಟ್ಟು ಮೆಲ್ಲಗೆ.”

ಒಂದೇ ಮೈದಾನದಲ್ಲಿ ಎರಡು ಆಟ ನಡೆಯತೊಡಗಿದವು. ನಮ್ಮವರು ಎದುರು ಆಡುವ ಲಕ್ಷಣವಿಲ್ಲದ್ದರಿಂದ ಅತಿಥಿಗಳೇ ಎರಡು ಪಾಲಾಗಿ ತಮ್ಮತಮ್ಮಲ್ಲೇ ಆಡಿ ತೋರಿಸಿದರು. ನಮ್ಮವರನ್ನು ನಡುವೆ ಬಿಟ್ಟು ಸುತ್ತ ನೆಲೆಗಳನ್ನಿಟ್ಟುಕೊಂಡು ಓಡಿದರು. ಜನರಿಗೆ ಮೊದಲು ಗೊಂದಲವಾದರೂ ಬಹಳ ಬೇಗ ಹೊಂದಿಕೊಂಡರು. ಓಡುವವರನ್ನು ಕಂಡು ಕೂಗುವುದು, ಕೂತವರನ್ನು ಕಂಡು ಹೆಮ್ಮೆಪಡುವುದು ಎಂದು ಕೆಲಸ ಹಂಚಿಕೊಂಡರು. ಪಂಡಿತರಿಗೆ ಮಂತ್ರಿಗಳ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಹಿಂದಿನ ಸಾಲಿನಿಂದ ಅವರ ಹೆಂಡತಿ, ತಾನು ಹೊಲಿದ ಬಟ್ಟೆ ಎಲ್ಲಿ ಹರಿಯುತ್ತದೋ ಎಂದು ಬಾಗಿ ನೋಡುತ್ತಿದ್ದಳು.

ಆಗ ಅತಿಥಿಗಳ ಹೊಡೆತಗಾರನೊಬ್ಬ ದಾಂಡು ಬೀಸಿದ. ಮೆಲ್ಲಗೆ ಎಂದು ಹೇಳಿದ್ದು ನಿಜ, ಆದರೆ ಚೆಂಡು ಬಂದಾಗ ಕೈಗೆ ಹೇಳುವವರು ಯಾರು. ಚೆಂಡು ನೇರವಾಗಿ ದುಂಡಗೆ ಕೂತವರ ಕಡೆ ಹೋಯಿತು. ಟಪಾಲು ಗುಮಾಸ್ತ ಅದು ಬರುವುದನ್ನು ನೋಡಿದ. ಓಡಿಹೋಗಬಹುದಿತ್ತು. ಆದರೆ ಅವನು ನಿಯಮದ ಮನುಷ್ಯ, ಬಂದದ್ದನ್ನು ಸ್ವೀಕರಿಸಬೇಕು. ಎರಡೂ ಬರಿಗೈ ಚಾಚಿದ. ಟಪ್ ಎಂದು ಕೇಳಿದ ಸದ್ದು ಮಂತ್ರಿಗಳ ಕುರ್ಚಿಯವರೆಗೂ ಬಂತು. ಏಳಲು ಹೋದ, ಮೊಣಕಾಲಿನ ಬಿಗಿಗೆ ಮುಗ್ಗರಿಸಿ ಸ್ಟೂಲಿನ ಸಮೇತ ಉರುಳಿದ. ಬಿದ್ದಲ್ಲಿಂದಲೇ, ಸೊಟ್ಟಗಾದ ಕೈಯಿಂದ ಚೆಂಡನ್ನೆತ್ತಿ, ನಿಟ್ಟುಸಿರು ಬಿಟ್ಟು, ಪಕ್ಕದವನಿಗೆ ಕೊಟ್ಟ.

ಮೈದಾನವೆಲ್ಲ ಎದ್ದು ನಿಂತು ಜಯಕಾರ ಹಾಕಿತು. ಪಂಡಿತರಿಗೆ ಮಾತ್ರ ಎದ್ದು ನಿಲ್ಲಲಾಗಲಿಲ್ಲ.

ಓಟದಲ್ಲಿ ಅತಿಥಿಗಳೂ ಮೂಲ ರೂಪದಲ್ಲಿ ನಾವೂ ಗೆದ್ದೆವೆಂದು ಮಂತ್ರಿಗಳು ಘೋಷಿಸಿದರು. ಆಮೇಲಿನ ಸತ್ಕಾರಕೂಟದಲ್ಲಿ ಅತಿಥಿ ತಂಡದ ನಾಯಕ, ಉಪಸಂಪಾದಕಿಯನ್ನು ಜೊತೆಗೆ ಕರೆದುಕೊಂಡು ಪಂಡಿತರ ಬಳಿ ಬಂದ. ಗಾಯಗೊಂಡವನ ಬಗ್ಗೆ ವಿಚಾರಿಸಿ, ತುಂಬ ನೊಂದುಕೊಂಡ. ಆಮೇಲೆ ಸಂಕೋಚದಿಂದ, ಈ ಆಟದ ಹೆಸರು ನಿಮ್ಮಲ್ಲಿ ಹುಟ್ಟಿದ್ದೆಂದು ನೀವೇ ಕಂಡುಹಿಡಿದಿರಂತೆ, ಹೌದೇ ಎಂದು ಕೇಳಿದ.

“ಏನು ಹೇಳಲಿ ಸಾರ್?” ಎಂದಳು ಉಪಸಂಪಾದಕಿ. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ದಣಿವಿತ್ತು.

ಪಂಡಿತರು ಕೈಯಲ್ಲಿದ್ದ ಕರವಸ್ತ್ರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಹೀಗೆ ಒಂದು ಅಭಿಪ್ರಾಯ ಇದೆ ಅಂತ ಹೇಳಿ.”

ನಾಯಕ ಕೇಳಿಸಿಕೊಂಡು ತಲೆಯಾಡಿಸಿದ. ತನ್ನ ದೇಶದಲ್ಲೂ ಅಜ್ಜಂದಿರ ಕಾಲದಲ್ಲಿ ಹೀಗೇ ಆಗಿತ್ತೆಂದ. ಆಟ ಹೊರಗಿನಿಂದ ಬಂದದ್ದೆಂಬುದು ಕೆಲವರಿಗೆ ಹಿಡಿಸಲಿಲ್ಲವಂತೆ. ಸಮಿತಿ ಕೂರಿಸಿದರಂತೆ. ಸಮಿತಿಯವರು ಯಾರೋ ಮುದುಕನೊಬ್ಬನ ನೆನಪನ್ನೇ ನಂಬಿ, ಇದನ್ನು ನಮ್ಮವನೇ ಒಬ್ಬ ಸೇನಾಧಿಕಾರಿ ಒಂದು ಹಳ್ಳಿಯಲ್ಲಿ ಹುಟ್ಟುಹಾಕಿದ್ದು ಎಂದು ತೀರ್ಪು ಕೊಟ್ಟರಂತೆ.

“ಅದು ನಿಜವಾ ಅಂತ ಕೇಳಿ,” ಎಂದರು ಪಂಡಿತರು ಆಸೆಯಿಂದ.

“ಅಲ್ವಂತೆ. ಆಮೇಲೆ ಸುಳ್ಳು ಅಂತ ಗೊತ್ತಾಯ್ತಂತೆ.”

“ಗೊತ್ತಾದ ಮೇಲೆ ಏನು ಮಾಡಿದ್ರಂತೆ?”

ಉಪಸಂಪಾದಕಿ ಕೇಳಿ, ಉತ್ತರ ಕೇಳಿಸಿಕೊಂಡು ಹೇಳಿದಳು: “ಏನಿಲ್ವಂತೆ. ಆ ಹಳ್ಳೀಲಿ ಆಟದ್ದೇ ಒಂದು ದೊಡ್ಡ ವಸ್ತುಸಂಗ್ರಹಾಲಯ ಇದೆಯಂತೆ. ಈಗಲೂ ಜನ ಚೆನ್ನಾಗಿ ಬರ್ತಾರಂತೆ.”

ಆಸ್ಪತ್ರೆಯ ವಾರ್ಡಿನಲ್ಲಿ ಟಪಾಲು ಗುಮಾಸ್ತ ಮೊಣಕೈವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ. ಪಂದ್ಯವಾಗಿ ವಾರ ಕಳೆದ ಮೇಲೆ ಪಂಡಿತರು ಬಂದು ಸ್ಟೂಲಿನ ಮೇಲೆ ಕೂತರು. ಸ್ಟೂಲು ಕಂಡೇ ಅವರಿಗೆ ಅರ್ಧ ಧೈರ್ಯ ಹೋಯಿತು.

“ನೋವಿದೆಯೇನಯ್ಯ?”

“ಸ್ವಲ್ಪ ಇದೆ ಸಾರ್. ನಾನು ಯೋಚನೆ ಮಾಡ್ತಿದ್ದೆ, ಪೂರ್ವಿಕರ ಕೈ ಎಷ್ಟು ಗಟ್ಟಿ ಇದ್ದಿರಬೇಕು ಅಂತ.”

ಅವನು ಗೊಣಗಿದ್ದರೆ, ಬೈದಿದ್ದರೆ, ಪಂಡಿತರು ಹೇಗೋ ತಡೆದುಕೊಳ್ಳುತ್ತಿದ್ದರು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

“ಪೂರ್ವಿಕರು ಯಾರೂ ಆಡಿಲ್ಲಪ್ಪ. ಅದು ನಾನು ಕಟ್ಟಿದ ಕತೆ. ನಿಂತ್ಕೊಂಡು ಬೈಸಿಕೊಳ್ಳೋಕೆ ಬೇಜಾರಾಗಿ ಬರೆದೆ. ಚೆಂಡು ಗಟ್ಟಿ ಇರುತ್ತೆ ಅಂತಾನೂ ನನಗೆ ಮೊದಲೇ ಗೊತ್ತಿತ್ತು. ಹೇಳಲಿಲ್ಲ.”

ಪಕ್ಕದ ಹಾಸಿಗೆಯವರು ಕೆಮ್ಮಿ, ಮಗ್ಗುಲಾಗಿ, ಮತ್ತೆ ಕೆಮ್ಮಿದರು.

“ಹಾಗಾದ್ರೆ ಬೇಕರಿ?” ಎಂದ ಗುಮಾಸ್ತ ಕೊನೆಗೆ.

“ಅದೂ.”

“ಬಾಟಲಿ?”

“ಅದೂನೂ.”

“ಬೆಂಚು?”

ಪಂಡಿತರು ತಲೆ ತಗ್ಗಿಸಿದರು.

“ಬೆಂಚು ಚೆನ್ನಾಗಿತ್ತು ಸಾರ್,” ಎಂದ ಗುಮಾಸ್ತ, ಸತ್ತವರ ಬಗ್ಗೆ ಹೇಳುವಂತೆ. ಗೋಡೆಯ ಕಡೆ ಹೊರಳಿದ.

ಆ ದಿನ ಮನೆಗೆ ಹೋದ ಪಂಡಿತರು ಊಟ ಮಾಡಲಿಲ್ಲ. ಹೆಂಡತಿ ಅವರ ಕೈಗೆ ಸುತ್ತಿಕೊಳ್ಳಲು ಏನೂ ಸಿಗದಂತೆ ಟೇಪು, ದಾರ, ಕರವಸ್ತ್ರವನ್ನೆಲ್ಲ ಸುಮ್ಮನೆ ಎತ್ತಿಟ್ಟಳು. ಬೆಳಿಗ್ಗೆ ಅವರು ಉಪಸಂಪಾದಕಿ ಹೇಳಿದ್ದ ನಾಲ್ಕು ಸಾಲನ್ನು ಹಾಗೆಯೇ ಬರೆದುಕೊಂಡು ಹೋಗಿ ನಿರ್ದೇಶಕರ ಮುಂದಿಟ್ಟರು.

“ಹಳೇದು ತಪ್ಪು ಸಾರ್. ಇದು ಸರಿ.”

ನಿರ್ದೇಶಕರು ಓದಿದರು. ಸಿಟ್ಟಾಗಲಿಲ್ಲ. ಸಿಟ್ಟಾಗದಿದ್ದದ್ದೇ ಪಂಡಿತರಿಗೆ ಹೆದರಿಕೆ ತಂದಿತು.

“ಸ್ವಾಮಿ, ಮೂಲ ಬೇಸ್‌ಬಾಲಿಗೆ ಅಂತ ಮಂತ್ರಿಗಳು ಒಂದು ನಿಗಮಾನೇ ಮಾಡಿದ್ದಾರೆ. ಶಾಲೆಗಳಿಗೆ ಸ್ಟೂಲು ಹೋಗಿದೆ. ಈಗ ಬಂದು ತಪ್ಪು ಅಂದ್ರೆ? ಇರಲಿ, ನಾನೇನು ಸತ್ಯದ ವಿರೋಧಿ ಅಲ್ಲ. ಸಮಿತಿ ಕರೀತೀನಿ. ಅಲ್ಲಿ ಹೇಳಿ.”

ಸಮಿತಿ ಕೂತಿತು. ಅದರಲ್ಲಿ ಒಬ್ಬರು ವೈದ್ಯರು, ಒಬ್ಬರು ವಕೀಲರು, ಸ್ಟೂಲು ಮಾಡಿಕೊಟ್ಟ ಕಾರ್ಖಾನೆಯ ಯಜಮಾನರು, ಮತ್ತು ಆಟ ಬರುವುದಿಲ್ಲವಾದ್ದರಿಂದ ಪಕ್ಷಪಾತವೂ ಇರಲಾರದೆಂದು ಸೇರಿಸಿಕೊಂಡ ಇನ್ನಿಬ್ಬರು. ಪಂಡಿತರು ನಿಂತು ಹೇಳಿದರು. ಬೇಸ್ ಎಂದರೆ ನೆಲೆ ಎಂದರು, ಹೆಜ್ಜೆಯೂರುವ ಜಾಗ ಎಂದರು, ಹಳೆಯ ಪುಸ್ತಕಗಳ ಸಾಕ್ಷ್ಯ ಕೊಟ್ಟರು. ಬದುಕಿನಲ್ಲಿ ಅಷ್ಟು ಚೆನ್ನಾಗಿ ಅವರು ಎಂದೂ ಮಾತಾಡಿರಲಿಲ್ಲ. ವಕೀಲರು ಕನ್ನಡಕ ಸರಿಮಾಡಿಕೊಂಡರು.

“ನೀವು ಹೇಳೋದು ಸರಿ ಇರಬಹುದು. ಆದರೆ ಈ ವಿಷಯದಲ್ಲಿ ನಾಡಿನ ಅತಿದೊಡ್ಡ ವಿದ್ವಾಂಸರು ಬೇರೆ ಥರ ಹೇಳಿದ್ದಾರಲ್ಲ?”

“ಯಾರು?”

“ಬೇರುಪಂಡಿತರು.”

“ಬೇರುಪಂಡಿತ ನಾನೇ ಸ್ವಾಮಿ.”

“ಇರಬಹುದು. ಆದರೆ ಅವರು ಅದನ್ನ ಹೇಳಿದಾಗ ಅವರ ಮೇಲೆ ಯಾರ ಒತ್ತಡಾನೂ ಇರಲಿಲ್ಲ. ನೀವು ಈಗ ಆಸ್ಪತ್ರೆಗೆ ಹೋಗಿಬಂದು ಮನಸ್ಸು ಕೆಡಿಸಿಕೊಂಡು ಹೇಳ್ತಿದ್ದೀರ. ಯಾರ ಮಾತಿಗೆ ತೂಕ ಕೊಡ್ಬೇಕು ಹೇಳಿ?”

ತಮ್ಮ ಜೊತೆ ತಾವೇ ವಾದ ಮಾಡಿ ಸೋಲುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಕೈಯೆತ್ತಿಸಿ ಎಣಿಸಿದರು, ಬೇಸರ ಬಹುಮತದಿಂದ ಗೆದ್ದಿತು. ಪಂಡಿತರನ್ನು ವ್ಯುತ್ಪತ್ತಿ ವಿಭಾಗದಿಂದ ತೆಗೆದು ವಿರಾಮಚಿಹ್ನೆಗಳ ವಿಭಾಗಕ್ಕೆ ಹಾಕಿದರು. ಅಲ್ಪವಿರಾಮ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ, ಅಲ್ಲಿ ಸುಳ್ಳು ಹೇಳುವ ಅಗತ್ಯವೂ ಇರುವುದಿಲ್ಲ. ಅವರ ನಿದ್ದೆ ಸುಧಾರಿಸಿತು.

ಅತಿಥಿ ತಂಡದವರು ಹೊರಡುವಾಗ ಒಂದು ದಾಂಡು, ಒಂದಿಷ್ಟು ಚೆಂಡು, ಗವಸುಗಳನ್ನು ಉಪಸಂಪಾದಕಿಯ ಕೈಗೆ ಕೊಟ್ಟು, ಕೈ ಮುರಿದುಕೊಂಡವನಿಗೆ ತಲುಪಿಸಿ ಎಂದಿದ್ದರು. ಪ್ಲಾಸ್ಟರು ಬಿಚ್ಚಿದ ಮೇಲೆ ಗುಮಾಸ್ತ ಗವಸನ್ನು ಹಾಕಿಕೊಂಡು ನೋಡಿದ, ತೆಗೆದು ನೋಡಿದ, ಬೆರಳು ಮಡಿಸಿ ನೋಡಿದ. “ಇದು ಮೊದಲೇ ಇರಬೇಕಿತ್ತು,” ಎಂದಷ್ಟೇ ಹೇಳಿದ. ಪಂಡಿತರ ಜೊತೆ ಅವನು ಮಾತು ಬಿಟ್ಟಿದ್ದ. ಆದರೆ ರಜೆಯ ದಿನ ಕಚೇರಿಯ ಹಿಂದಿನ ಮೈದಾನದಲ್ಲಿ ಅವನೂ ಉಪಸಂಪಾದಕಿಯೂ ಇನ್ನು ಕೆಲವು ಗುಮಾಸ್ತರೂ ಪುಸ್ತಕ ನೋಡಿಕೊಂಡು ನಿಜವಾದ ಆಟ ಶುರು ಮಾಡಿದಾಗ, ಜನ ಸಾಲದೆಂದು ಪಂಡಿತರಿಗೂ ಹೇಳಿಕಳಿಸಿದ. ಹೇಳಿಕಳಿಸಿದ್ದು ಟಪಾಲಿನಲ್ಲಿ, ಸರಿಯಾಗಿ ಮೊಹರು ಹಾಕಿ. ಪಂಡಿತರು ಹೆಂಡತಿಯನ್ನೂ ಕರೆದುಕೊಂಡು ಹೋದರು.

ಬೇಸ್‌ಬಾಲ್ ಎಂಬ ಹೆಸರನ್ನು ನಿಗಮ ತನ್ನದಾಗಿಸಿಕೊಂಡಿತ್ತು, ಆ ಹೆಸರಿನಲ್ಲಿ ಓಡುವುದು ಈಗ ನಿಯಮಬಾಹಿರ. ಅದಕ್ಕೇ ಇವರು ನೆಲೆಯಾಟ ಎಂದು ಕರೆದುಕೊಂಡರು. ಹೆಸರು ಬೀದಿಗೆ ಬಿತ್ತು, ಪಕ್ಕದ ಮೈದಾನಗಳಿಗೂ ಹೋಯಿತು. ಕೆಲವು ತಿಂಗಳಲ್ಲಿ ನಿರ್ದೇಶಕರ ಕಿವಿಗೂ ಬಿದ್ದು, ವಿರಾಮಚಿಹ್ನೆಗಳ ವಿಭಾಗಕ್ಕೆ ಅವರೇ ಖುದ್ದಾಗಿ ಬಂದರು.

“ಈ ನೆಲೆಯಾಟ ಅನ್ನೋದು ಎಲ್ಲಿಂದ ಬಂತು? ಯಾವುದೋ ಪರದೇಶದ ಪದ ಅಂತ ದೂರು ಬಂದಿದೆ.”

“ನೆಲೆ, ಆಟ. ಎರಡೂ ನಮ್ಮದೇ ಸಾರ್.”

ನಿರ್ದೇಶಕರು ಅನುಮಾನದಿಂದ ನೋಡಿದರು. “ಅಷ್ಟೇನಾ? ಪೂರ್ವಿಕರು?”

“ಅವರಿಗೆ ಇದು ಗೊತ್ತಿರಲಿಲ್ಲ.”

“ಇಷ್ಟು ಸಲೀಸಾಗಿ ಅರ್ಥ ಆಗೋದು ನಮ್ಮ ಪದ ಆಗಿರಲಿಕ್ಕಿಲ್ಲ. ಸಮಿತಿಗೆ ಕಳಿಸ್ತೀನಿ,” ಎಂದು ಅವರು ಹೊರಟುಹೋದರು.

ಆ ವಾರದ ರಜೆಯ ದಿನ ಪಂಡಿತರ ದಾಂಡಿಗೆ ಮೊದಲ ಸಲ ಚೆಂಡು ಸರಿಯಾಗಿ ತಗುಲಿತು. ಎಸೆದವನು ಟಪಾಲು ಗುಮಾಸ್ತ. ಪಂಡಿತರು ದಾಂಡು ಬಿಸಾಕಿ, ಮೊಣಕಾಲಿನ ನೋವನ್ನೂ ಮರೆತು ಓಡಿದರು. ಮೊದಲ ನೆಲೆಯಲ್ಲಿ, ಮಡಿಸಿಟ್ಟ ಗೋಣಿಚೀಲದ ಮೇಲೆ ಒಂದು ಕಾಲಿಟ್ಟು, ಗವಸು ಹಾಕಿಕೊಂಡು ಅವರ ಹೆಂಡತಿ ನಿಂತಿದ್ದಳು. ಇನ್ನೊಂದು ಮಾರು ದೂರವಿರುವಾಗಲೇ ಚೆಂಡು ಆಕೆಯ ಕೈಸೇರಿತು.

“ಔಟು,” ಎಂದಳು ಆಕೆ.

“ಮುಟ್ಟಿದೆ ಕಣೇ.”

“ಮುಟ್ಟಿಲ್ಲ ರೀ.”

ಪಂಡಿತರು ಗುಮಾಸ್ತನ ಕಡೆ ತಿರುಗಿದರು. ಅವನು ಗೋಣಿಚೀಲದ ಕಡೆ ನೋಡಿ, ಎಷ್ಟೋ ತಿಂಗಳ ಮೇಲೆ ಅವರೊಡನೆ ಬಾಯಿಬಿಟ್ಟ.

“ಮುಟ್ಟಿಲ್ಲ ಸಾರ್. ಔಟೇ.”

“ಹೌದು, ಔಟೇ,” ಎಂದು ಒಪ್ಪಿಕೊಂಡು ಪಂಡಿತರು ಏದುಸಿರು ಬಿಡುತ್ತ ಬಂದು ಗೋಡೆಯ ನೆರಳಲ್ಲಿ ಕೂತರು. ಮುಂದಿನ ಸರದಿ ಉಪಸಂಪಾದಕಿಯದಿತ್ತು.